ಸೂರಂಚಿನ ಕೂಸು

ಶುಕ್ರವಾರ ಸಂಜೆ ನಾನು ಕಂಡಾಗ ಆ ಕೂಸಿಗೆ ಎರಡು ಕಾಲುಗಳಿದ್ದವು. ಈ ಮಾತನ್ನು ಮೊದಲೇ ಬರೆದುಬಿಡುತ್ತೇನೆ. ಆಮೇಲೆ ಬಂದವರು ಬೇರೆ ರೀತಿ ಹೇಳಿದರು, ನನ್ನಿಂದಲೂ ಬೇರೆ ರೀತಿ ಹೇಳಿಸಲು ನೋಡಿದರು.

ಇಂಗ್ಲೆಂಡಿನ ಸೊಲಿಹಲ್‌ನ ನಮ್ಮ ಮನೆಯಿಂದ ಕಾರಿನಲ್ಲಿ ಸ್ವಲ್ಪ ದೂರ ಹೋದರೆ ಒಂದು ಇಳಿಜಾರು ಹೊಲ. ಅಲ್ಲಿ ಹೊಸ ಬಡಾವಣೆ ಏಳಲಿತ್ತು. ಕಟ್ಟುವ ಮೊದಲು ಮಣ್ಣಿನಡಿ ಏನಿದೆ ಎಂದು ಅಗೆದು ನೋಡಬೇಕು, ಅದರ ಖರ್ಚು ಕಟ್ಟುವ ಕಂಪನಿಯದು ಎಂಬುದು ಇಲ್ಲಿಯ ಪದ್ಧತಿ. ಅಗೆದಾಗ ರೋಮನ್ನರ ಕಾಲದ ಒಂದು ಹಳ್ಳಿ ಸಿಕ್ಕಿತು. ಚಿತ್ತಾರದ ನೆಲ, ಅಮೃತಶಿಲೆಯ ಕಂಬ ಅಂಥದ್ದೇನೂ ಇಲ್ಲ. ಕೆಲವು ಮರದ ಮನೆಗಳು, ಒಂದು ದನದ ದೊಡ್ಡಿ, ಕಾಳು ಒಣಗಿಸುವ ಒಲೆ, ಒಂದು ಬಾವಿ. ಉತ್ತು ಬಿತ್ತಿ ಬದುಕಿದವರ ಊರು. ಉತ್ಖನನದ ತಂಡ ಸುತ್ತಲಿನವರನ್ನೂ ಕೆಲಸಕ್ಕೆ ಕರೆದಿತ್ತು. ನಾನು ಬರ್ಮಿಂಗ್‌ಹ್ಯಾಮ್‌ನ ಒಂದು ಆಸ್ಪತ್ರೆಯ ನವಜಾತ ಶಿಶುಗಳ ವಾರ್ಡಿನಲ್ಲಿ ಡಾಕ್ಟರಾಗಿದ್ದು ಆಗಷ್ಟೇ ನಿವೃತ್ತಳಾಗಿದ್ದೆ. ಡ್ಯೂಟಿಯ ಸರದಿಪಟ್ಟಿ ಇಲ್ಲದ ಬೆಳಗುಗಳನ್ನು ಹೇಗೆ ಕಳೆಯಬೇಕೋ ತಿಳಿಯದೆ ಹೆಸರು ಕೊಟ್ಟೆ.

ನಮ್ಮ ಗುಂಡಿಯ ಮೇಲ್ವಿಚಾರಕಿ ಲೀಡ್ಸ್ ಕಡೆಯ ಹೆಂಗಸು, ನನ್ನ ಅರ್ಧ ವಯಸ್ಸಿನವಳು. ಮೊದಲ ದಿನವೇ ಬೈಸಿಕೊಂಡೆ.

"ಡಾಕ್, ನೀವು ನಿಂತಿರೋದು ಯಾರದೋ ಅಡುಗೆಮನೆ ಮೇಲೆ. ಸ್ವಲ್ಪ ಇಳೀರಿ."

ಇಳಿದೆ. ಅವಳು ಕರಣೆ ಹಿಡಿಯುವುದನ್ನು ಕಲಿಸಿದಳು. ಗಾರೆ ಕೆಲಸದವರು ಬಳಸುವಂಥದ್ದೇ ಚಿಕ್ಕ ಕರಣೆ. ಮಂಡಿಯೂರಿ ಕೂತು, ಮಣ್ಣನ್ನು ತನ್ನ ಕಡೆಗೆ ಕೆರೆದುಕೊಳ್ಳುತ್ತ, ಹಿಂದೆ ಹಿಂದೆ ಸರಿಯಬೇಕು. ಕೆರೆದು ಹಸನು ಮಾಡಿದ ಜಾಗಕ್ಕೆ ಮತ್ತೆ ಕಾಲಿಡುವಂತಿಲ್ಲ. ಚಿಕ್ಕಂದಿನಲ್ಲಿ ಅಮ್ಮ ನೆಲ ಸಾರಿಸುತ್ತ ಬಾಗಿಲ ಕಡೆ ಸರಿದು ಬರುತ್ತಿದ್ದ ರೀತಿ ಅದೇ. ಹಾಗಾಗಿ ನನಗೆ ಬೇಗ ಒಗ್ಗಿತು.

ಕೆಲಸ ಸಾಗಿದ್ದು ನಿಧಾನವಾಗಿ. ಒಂದು ದಿನ ಕೆಂಪು ಜೇಡಿಯಲ್ಲಿ ಕಪ್ಪು ವೃತ್ತಗಳು ಕಂಡವು, ಕಂಬಗಳು ಕೊಳೆತು ಮಣ್ಣಾದ ಗುರುತು. ಮರುದಿನ ಒಲೆಯ ಸುಟ್ಟ ಮಣ್ಣು. ಅದರ ಮರುದಿನ ಮಳೆ, ಏನೂ ಇಲ್ಲ, ಬರೀ ಬಕೆಟ್ಟಿನಲ್ಲಿ ನೀರು ಎತ್ತಿ ಚೆಲ್ಲಿದೆವು. ಆಮೇಲೆ ಗೋಡೆಯ ಗೆರೆ, ಗೋಡೆಯಾಚೆ ಉದ್ದಕ್ಕೂ ಒಂದು ಸಣ್ಣ ತಗ್ಗು. ಸೂರಿನಿಂದ ಮಳೆನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ಕೊರೆದ ತಗ್ಗು ಎಂದು ಅವಳು ತೋರಿಸಿದಳು. ಅರಸರ ಅಪ್ಪಣೆಗಳು ಉಳಿಯಲಿ ಎಂದೇ ಕಲ್ಲಿನಲ್ಲಿ ಕೆತ್ತಿಸಿದಂಥವು. ಇದು ಯಾರೂ ಉಳಿಸಬೇಕೆಂದುಕೊಳ್ಳದ ನೀರಿನ ಗುರುತು. ಅದನ್ನು ಬೆರಳಿನಿಂದ ಮುಟ್ಟಿ ನೋಡಿದ್ದು ನೆನಪಿದೆ.

ಸಂಜೆ ಮನೆಗೆ ಬಂದರೆ ಬಾಗಿಲಲ್ಲೇ ಯಜಮಾನರ ತಪಾಸಣೆ. ಅವರು ಇಲ್ಲಿಯ ಕಾರಿನ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದವರು, ಧೂಳು ಕಂಡರಾಗದು.

"ಬೂಟು ಹೊರಗೆ! ಡಾಕ್ಟರಮ್ಮ, ಇಷ್ಟು ವರ್ಷ ಗ್ಲೌಸ್ ಹಾಕ್ಕೊಂಡು ಕೆಲಸ ಮಾಡ್ದೋಳು, ಈಗ ಬರಿಗೈಲಿ ಮಣ್ಣು ಕೆರೀತಿದೀಯಲ್ಲೇ."

"ನಿಮ್ಮ ಫ್ಯಾಕ್ಟರಿಗಿಂತ ಅಲ್ಲಿ ಗಲಾಟೆ ಕಮ್ಮಿ ರೀ."

"ಚಿನ್ನ ಗಿನ್ನ ಸಿಕ್ಕಿದ್ರೆ ಮಾತ್ರ ಫೋನ್ ಮಾಡು."

ಆ ಶುಕ್ರವಾರ ಮಧ್ಯಾಹ್ನ ಸೂರಿನ ತಗ್ಗಿನ ಒಳಬದಿಗೆ, ಗೋಡೆಗೆ ಒತ್ತಿಕೊಂಡಂತೆ, ಕರಣೆಯ ತುದಿಗೆ ಏನೋ ತಾಕಿತು. ಪೊರಕೆಕಡ್ಡಿಯಷ್ಟು ತೆಳ್ಳಗಿನ ಪಕ್ಕೆಲುಬುಗಳು, ಸಾಲಾಗಿ. ನಾನು ಕರಣೆ ಕೆಳಗಿಟ್ಟೆ.

"ಕುರಿಮರೀನಾ?" ಎಂದಳು ಮೇಲ್ವಿಚಾರಕಿ.

"ಅಲ್ಲ."

ಅವಳು ಪಕ್ಕದಲ್ಲಿ ಮಂಡಿಯೂರಿ ನೋಡಿ, "ಅಲ್ಲ" ಎಂದು ತಾನೂ ಹೇಳಿದಳು.

ಅಲ್ಲಿಂದ ಮುಂದೆ ಕರಣೆ ಬಳಸಲಿಲ್ಲ. ಮರದ ಕಡ್ಡಿ, ಕುಂಚ, ಅಷ್ಟೇ. ಈ ಕಡೆಯ ಹುಳಿಮಣ್ಣಿನಲ್ಲಿ ಮೂಳೆ ಉಳಿಯುವುದೇ ಅಪರೂಪವಂತೆ. ಗೋಡೆಗೆ ಬಳಿದಿದ್ದ ಸುಣ್ಣ ಇಳಿದು ಕಾಪಾಡಿತ್ತು. ತಲೆಯ ಮೂಳೆಗಳು ಮೊಟ್ಟೆಚಿಪ್ಪಿನಂತೆ ಒಂದರ ಮೇಲೊಂದು ಕುಸಿದಿದ್ದವು. ಎದೆಯವರೆಗೆ ತೆರೆದಾಗ ಅವಳು ಫೋಟೋ ತೆಗೆದಳು. ಸೊಂಟ, ಕಾಲುಗಳು ಕಾಣುವ ಹೊತ್ತಿಗೆ ಮಳೆ ಹನಿಯತೊಡಗಿತ್ತು. ಕೂಸು ಎಡಮಗ್ಗುಲಿಗೆ ಮಲಗಿತ್ತು. ಮುಖ ಗೋಡೆಯ ಕಡೆ. ಎರಡೂ ಮಂಡಿ ಹೊಟ್ಟೆಯ ಕಡೆಗೆ ಮಡಿಸಿತ್ತು. ತಿಂಗಳು ತುಂಬಿದ ಮಗು. ಆ ಅಳತೆ ನನ್ನ ಕೈಗೆ ಗೊತ್ತು. ಮುರಿದದ್ದು, ಇಲ್ಲದ್ದು ಯಾವುದೂ ಇರಲಿಲ್ಲ.

ಮನುಷ್ಯರ ಮೂಳೆ ಎತ್ತಲು ಸರ್ಕಾರದ ಅನುಮತಿ ಬೇಕು. ಅವಳು ಅಲ್ಲಿಂದಲೇ ಫೋನ್ ಮಾಡಿದಳು; ಸೋಮವಾರ ಸಿಗುತ್ತದೆ ಎಂದರು. ಪೂರ್ತಿ ಫೋಟೋ ಆಗಲೇ ತೆಗೆಯೋಣ, ಈಗ ಒದ್ದೆಯಾದರೆ ಕಷ್ಟ ಎಂದಳು. ಬಟ್ಟೆ ಹೊದಿಸಿದೆವು, ಜರಡಿ ಹಿಡಿದ ಮಣ್ಣು ಹರಡಿದೆವು, ಮೇಲೆ ಹಲಗೆ, ಸುತ್ತ ಕಬ್ಬಿಣದ ಗೂಟಗಳಿಗೆ ಕಿತ್ತಳೆ ಬಣ್ಣದ ಬಲೆ. ಕಂಪನಿಯ ಸೈಟ್ ಮ್ಯಾನೇಜರನನ್ನು ಕರೆದು ತೋರಿಸಿ, ಸೋಮವಾರದವರೆಗೆ ಈ ಮೂಲೆಗೆ ಯಾರೂ ಬರಕೂಡದು ಎಂದು ನನ್ನೆದುರೇ ಹೇಳಿದಳು. ಅವನು ತಲೆಯಾಡಿಸಿದ.

ಆ ರಾತ್ರಿ ಊಟಕ್ಕೆ ಕೂತಾಗ ಯಜಮಾನರಿಗೆ ಹೇಳಿದೆ. "ನಮ್ಮಲ್ಲಿ ಹಲ್ಲು ಬರದ ಕೂಸನ್ನ ಸುಡಲ್ಲ, ಹೂಳ್ತಾರಲ್ಲ. ಆ ರೋಮನ್ ಕಾಲದೋರೂ ಹಾಗೇ ಮಾಡ್ತಿದ್ರಂತೆ. ದೊಡ್ಡೋರನ್ನ ಊರ ಹೊರಗೆ ಸುಡೋದು, ಕೂಸನ್ನ ಮಾತ್ರ ಮನೆ ಪಕ್ಕದಲ್ಲೇ ಇಟ್ಕೊಳ್ಳೋದು."

ಅವರು ತಮಾಷೆ ಮಾಡಲಿಲ್ಲ. ಅಮ್ಮನಿಗೆ ನನ್ನ ಬೆನ್ನಿಗೆ ಹುಟ್ಟಿದ ಒಂದು ಕೂಸು ಉಳಿಯಲಿಲ್ಲ ಎಂದು ಅವರಿಗೆ ಗೊತ್ತು. ಅಪ್ಪ ಆಗ ದಾವಣಗೆರೆ ಹತ್ತಿರದ ಒಂದೂರಿನಲ್ಲಿ ಮೇಷ್ಟ್ರಾಗಿದ್ದರು. ಹಳ್ಳದ ದಂಡೆಯಲ್ಲಿ ಹೂಳಿದ್ದರು. ಗುರುತಿಗೆ ಒಂದು ಕಲ್ಲೂ ಇರಲಿಲ್ಲ. ಸಂತೆಗೆ ಹೋಗುವ ದಾರಿ ಅದೇ. ಅಲ್ಲಿಗೆ ಬಂದಾಗ ಅಮ್ಮ ಮಾತು ನಿಲ್ಲಿಸದೆಯೇ ದಾರಿ ಬಿಟ್ಟು ಕೊಂಚ ಬಳಸಿ ನಡೆಯುತ್ತಿದ್ದಳು. ಯಾಕೆಂದು ನಾನು ಕೇಳಿದ್ದಿಲ್ಲ, ಬಳಸಿ ನಡೆಯುವುದನ್ನು ಮಾತ್ರ ಕಲಿತೆ.

ಸೋಮವಾರ ಬೆಳಗ್ಗೆ ನಾವಿಬ್ಬರೂ ಒಟ್ಟಿಗೆ ಗೇಟು ದಾಟಿದೆವು. ಮೊದಲು ಕಂಡದ್ದು ಬಲೆ. ಅದು ಬೇಲಿಯ ಬುಡದಲ್ಲಿತ್ತು, ಚಾಪೆಯಂತೆ ಸುತ್ತಿ ಎರಡು ಕಡೆ ಹಗ್ಗದಿಂದ ಗಂಟು ಹಾಕಿತ್ತು. ಪಕ್ಕದಲ್ಲಿ ಗೂಟಗಳನ್ನು ಕಿತ್ತು ಒಂದರ ಪಕ್ಕ ಒಂದು ಜೋಡಿಸಿಟ್ಟಿದ್ದರು. ಹಲಗೆ ಗೋಡೆಯಾಚೆ ಒರಗಿಸಿತ್ತು. ಆಮೇಲೆ ಕಾಲುವೆ ಕಂಡಿತು. ಚರಂಡಿ ಕೊಳವೆ ಹಾಕಲು ಡಿಗ್ಗರ್ ಯಂತ್ರದಿಂದ ತೋಡಿದ ನೇರವಾದ ಕಾಲುವೆ ಆ ಮೂಲೆಯನ್ನು ಸೀಳಿಕೊಂಡು ಹೋಗಿತ್ತು. ಬಟ್ಟೆಯ ಒಂದು ತುದಿ ಅಂಚಿನಿಂದ ಜೋತಾಡುತ್ತಿತ್ತು. ತಲೆ ಇತ್ತು, ಎದೆ ಇತ್ತು. ಸೊಂಟದಿಂದ ಕೆಳಗೆ ಬರೀ ಗಾಳಿ.

ಮೇಲ್ವಿಚಾರಕಿ ಅಲ್ಲೇ ಕೂತುಬಿಟ್ಟಳು. ನಾನು ಜೋತಾಡುತ್ತಿದ್ದ ಬಟ್ಟೆಯನ್ನು ಎತ್ತಿ ಉಳಿದ ಎದೆಯ ಮೇಲೆ ಹೊದಿಸಿದೆ. ವಾರ್ಡಿನಲ್ಲಿ ಎಷ್ಟೋ ಕೂಸುಗಳನ್ನು ಕಳೆದುಕೊಂಡ ಕೈ ಇದು. ಆದರೆ ಅಲ್ಲಿ ಎಲ್ಲರೂ ಉಳಿಸಲು ನೋಡುತ್ತಿದ್ದರು.

ಮ್ಯಾನೇಜರ್ ಬಂದ. ಹೊಸ ಹಳದಿ ಜಾಕೆಟ್ಟು, ಮಣ್ಣು ತಾಕದ ಬೂಟು.

"ಶನಿವಾರ ಗಾಳಿ ಜೋರಿತ್ತು. ಬಲೆ ಹಾರಿಹೋಗಿರ್ಬೇಕು. ಡ್ರೈವರಿಗೆ ಗೊತ್ತಾಗಿಲ್ಲ."

"ಗಾಳಿ ಬಲೆ ಸುತ್ತಿ ಗಂಟು ಹಾಕ್ತಾ?" ಎಂದು ಕೇಳಿದೆ.

ಅವನು ಬೇಲಿಯ ಕಡೆ ನೋಡಿದ, ಮತ್ತೆ ನನ್ನ ಕಡೆ. "ನೋಡಿ ಡಾಕ್ಟರ್, ಅದು ಸಾವಿರಾರು ವರ್ಷದ ಹಿಂದಿನದು. ಯಾರಿಗೂ ನೋವಾಗಿಲ್ಲ."

ಆ ಮಾತು ಇವತ್ತಿಗೂ ನನ್ನನ್ನು ಸುಡುತ್ತದೆ. ಹೊಲದ ಗೇಟಿನಲ್ಲಿ ಅವರೇ ನಿಲ್ಲಿಸಿದ ದೊಡ್ಡ ಫಲಕವಿತ್ತು. ನಗುವ ಅಪ್ಪ, ಅಮ್ಮ, ಮಗು. ಹಿಂದೆ ರೋಮನ್ ಕಂಬಗಳು, ಈ ಹೊಲದಡಿಯ ಹಳ್ಳಿಯವರು ಎಂದೂ ಕಂಡಿರಲಾರದಂಥವು. ಇತಿಹಾಸದ ಮಡಿಲಲ್ಲಿ ಮನೆ ಕೊಳ್ಳಿರಿ ಎಂಬರ್ಥದ ಮಾತು. ಮಾರುವಾಗ ಸಾವಿರಾರು ವರ್ಷ ಬೇಕು, ಚರಂಡಿ ತೋಡುವಾಗ ಅದೇ ಸಾವಿರಾರು ವರ್ಷ ನೆಪ. ತಾಯಿಯೊಬ್ಬಳು ತನ್ನ ಸೂರಿನಡಿ ಇಟ್ಟುಕೊಂಡದ್ದನ್ನು ನಾವು ತೆರೆದೆವು. ತೆರೆದವರು ಕಾಯುತ್ತೇವೆಂದು ಮಾತು ಕೊಟ್ಟಂತೆ ಅಲ್ಲವೇ?

ಆ ದಿನದಿಂದ ನಮ್ಮ ಕೆಲಸ ಕಾಲುವೆಯಿಂದ ತೆಗೆದ ಮಣ್ಣಿನ ಗುಡ್ಡೆಗೆ ಬದಲಾಯಿತು. ಒಂದೊಂದೇ ಬಕೆಟ್ ಮಣ್ಣು ತಂದು, ನೀರು ಬಿಟ್ಟು, ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದೆವು. ಮೊದಲ ದಿನ ಬೇರು, ಹೆಂಚಿನ ಚೂರು. ಎರಡನೆಯ ದಿನ ಒಂದೆರಡು ಬೆನ್ನುಮೂಳೆಯ ಮಣಿಗಳು. ಮೂರನೆಯ ದಿನ ಮೇಲ್ವಿಚಾರಕಿ ನನ್ನ ಅಂಗೈಯಲ್ಲಿ ಒಂದು ತೊಡೆಮೂಳೆ ಇಟ್ಟಳು. ನನ್ನ ತೋರುಬೆರಳಿಗಿಂತ ಚಿಕ್ಕದು, ಒಂದು ತುದಿ ಮುರಿದಿತ್ತು.

ಅಂದು ಮಧ್ಯಾಹ್ನ ಇಲ್ಲಿಯ ನಗರಾಡಳಿತದ ಕೌನ್ಸಿಲ್‌ನಿಂದ ಪುರಾತತ್ವ ಅಧಿಕಾರಿ ಬಂದರು. ಮ್ಯಾನೇಜರ್ ಅಷ್ಟರಲ್ಲಿ ಹೊಸ ವಿವರಣೆ ಸಿದ್ಧಪಡಿಸಿದ್ದ: ರೈತರು ಹಿಂದೆಂದೋ ಹೊಲದ ನೀರು ಬಸಿಯಲು ಕೊಳವೆ ಹೂತಾಗಲೇ ಕಾಲಿನ ಭಾಗ ಹೋಗಿರಬೇಕು.

"ಸಿಕ್ಕಾಗಲೇ ಅರ್ಧ ಇತ್ತು ಅಂತ ಬರೆದ್ರೆ ಎಲ್ಲರಿಗೂ ಒಳ್ಳೇದು. ಫೋಟೋದಲ್ಲೂ ಎದೆವರೆಗೆ ತಾನೇ ಇರೋದು?" ಎಂದ.

ಅಧಿಕಾರಿ ಮೇಲ್ವಿಚಾರಕಿಯ ಮುಖ ನೋಡಿದರು. ಅವಳಿಗೆ ಕೂಲಿ ಬರುವುದೂ ಕೊನೆಗೆ ಆ ಕಂಪನಿಯಿಂದಲೇ. ಅವಳು ಬೂಟಿನ ತುದಿ ನೋಡುತ್ತ ನಿಂತಳು. ನಾನು ಮೂಳೆಯನ್ನು ಅಧಿಕಾರಿಗೆ ಕೊಟ್ಟೆ.

"ಎರಡು ಕಾಲೂ ನಾನು ನೋಡಿದೀನಿ. ಮಂಡಿ ಮಡಿಸಿತ್ತು. ನನ್ನ ಮಾತು ಬೇಡ, ಇದನ್ನ ನೋಡಿ. ಹಳೇ ಮುರಿತ ಆಗಿದ್ರೆ ಒಳಗೂ ಮಣ್ಣಿನ ಬಣ್ಣ ಕುಡಿದಿರ್ಬೇಕಿತ್ತು. ಹೊರಗೆ ಕಂದು, ಮುರಿದ ಕಡೆ ಬಿಳಿ."

"ಮೇಡಂ ವಾಲಂಟಿಯರ್ ಅಷ್ಟೇ" ಎಂದ ಮ್ಯಾನೇಜರ್.

ಆಗ ಲೀಡ್ಸ್‌ನವಳು ತಲೆಯೆತ್ತಿದಳು. "ನಾನು ವಾಲಂಟಿಯರ್ ಅಲ್ಲ. ಎರಡು ಕಾಲಿತ್ತು. ಬಲೆ ಕಟ್ಟಿದ್ದು ನಾನು. ಬಿಚ್ಚಿದ್ದು ಯಾರು ಅಂತ ನೀನು ಬರಿ."

ಅಧಿಕಾರಿ ಮುರಿದ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರು. ಶುಕ್ರವಾರ ಪೂರ್ತಿ ಇತ್ತು, ಕಾಲುವೆ ತೋಡುವಾಗ ತುಂಡಾಯಿತು ಎಂದೇ ದಾಖಲಾಯಿತು. ಅಷ್ಟೇ ಆದದ್ದು. ಯಾರೂ ಕ್ಷಮೆ ಕೇಳಲಿಲ್ಲ, ಯಾರ ಕೆಲಸವೂ ನಿಲ್ಲಲಿಲ್ಲ. ಸಿಕ್ಕಷ್ಟನ್ನು ಮೇಲ್ವಿಚಾರಕಿ ಒಂದು ಪೆಟ್ಟಿಗೆಯಲ್ಲಿ, ಕೂಸು ಮಲಗಿದ್ದ ಕ್ರಮದಲ್ಲೇ, ಎಡಮಗ್ಗುಲಿಗೆ ಜೋಡಿಸಿದಳು. ಗುಡ್ಡೆಯ ಉಳಿದ ಮಣ್ಣನ್ನು ನಾವು ತೊಳೆದು ಮುಗಿಸುವ ಮೊದಲೇ ಲಾರಿಗಳು ಬಂದು ಬಡಾವಣೆಯ ಹೊಸ ರಸ್ತೆಯ ತಗ್ಗಿಗೆ ತುಂಬಿದವು. ಇನ್ನೊಂದು ಕಾಲು ಸಿಗಲಿಲ್ಲ.

ಕೆಲವು ತಿಂಗಳ ಮೇಲೆ, ರಸ್ತೆ ಆಗಿದೆಯಂತೆ ನೋಡೋಣ ಬಾ ಎಂದು ಯಜಮಾನರೇ ಕರೆದುಕೊಂಡು ಹೋದರು. ಹೊಸ ಡಾಂಬರು, ಎರಡೂ ಕಡೆ ಅರೆಕಟ್ಟಿದ ಮನೆಗಳು. ಬಾವಿಯ ಜಾಗ, ಒಲೆಯ ಜಾಗ ತೋರಿಸುತ್ತ ಬಂದೆ.

"ಕೂಸು ಎಲ್ಲಿತ್ತು?" ಎಂದರು.

"ಮುಂದೆ. ಆ ಚರಂಡಿ ಮುಚ್ಚಳ ಇದೆಯಲ್ಲ, ಅಲ್ಲಿ. ಇನ್ನೊಂದು ಕಾಲು ಈ ರಸ್ತೆ ಕೆಳಗೇ ಎಲ್ಲೋ."

ಅವರು ವೇಗ ತಗ್ಗಿಸಿದರು. ಆ ಮುಚ್ಚಳ ಹತ್ತಿರವಾದಾಗ ಕಾರನ್ನು ಎದುರು ಬದಿಗೆ ಪೂರ್ತಿ ಎಳೆದುಕೊಂಡು, ಒಂದು ಚಕ್ರ ಕಾಲುದಾರಿಯ ಮೇಲೆ ಹತ್ತಿಸಿ, ಬಳಸಿಕೊಂಡು ಹೋದರು. ಹಿಂದಿನಿಂದ ಸಿಮೆಂಟಿನ ಲಾರಿಯವನು ಬಿಡದೆ ಹಾರನ್ ಒತ್ತಿದ.

"ಹೊಡ್ಕೊಳ್ಲಿ" ಎಂದರು ಯಜಮಾನರು.