ಸಾಸಿವೆಯ ಪಟ

ಅವ್ವನ ಸೂತಕ ಕಳೆದು ಇವತ್ತು ನಮ್ಮ ಒಲೆಯ ಮೇಲೆ ಒಗ್ಗರಣೆ ಬಿತ್ತು. ಸಾಸಿವೆ ಸಿಡಿದ ವಾಸನೆಗೆ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅವ್ವನಿಗಾಗಿ ಅತ್ತು ಅತ್ತು ಸಾಕಾಗಿದೆ. ಆದರೆ ಆಗ ನೆನಪಾದದ್ದು ಅವ್ವನಲ್ಲ, ಮುನವಳ್ಳಿಯಲ್ಲಿ ನಮ್ಮ ಎದುರು ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ, ನಾವೆಲ್ಲ ಹೊಲಿಗೆ ಕಾಕು ಎಂದು ಕರೆಯುತ್ತಿದ್ದ ಹೆಂಗಸು.

ಕಾಕುವಿನದು ಬುದ್ಧನಿಗೆ ನಡೆದುಕೊಳ್ಳುವ ಮನೆತನ. ಹೊಲಿಗೆ ಮಶಿನ್ನಿನ ಮೇಲಿನ ಗೋಡೆಗೆ ನಾಲ್ಕು ಚಿತ್ರಗಳ ಹಳೆಯ ಅಚ್ಚಿನ ಪಟವೊಂದಿತ್ತು. ಸತ್ತ ಕೂಸನ್ನು ಎತ್ತಿಕೊಂಡು ಬುದ್ಧನ ಹತ್ತಿರ ಬಂದ ತಾಯಿಯ ಕಥೆ. ಸಾವು ಕಾಣದ ಮನೆಯಿಂದ ಹಿಡಿ ಸಾಸಿವೆ ತಾ ಎಂದನಂತೆ ಬುದ್ಧ. ಅವಳು ಮನೆ ಮನೆ ತಿರುಗಿದಳು. ಅಂಥ ಮನೆ ಎಲ್ಲಿದ್ದೀತು... ಕೊನೆಗೆ ಕೂಸನ್ನು ಮಣ್ಣಿಗೆ ಕೊಟ್ಟಳು. ಆದರೆ ಕಾಗದ ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿತ್ತು. ಕಟ್ಟು ಹಾಕಿದ ಸವದತ್ತಿಯ ಮನುಷ್ಯ ದಿನವೂ ದೇವರ ಪಟ ಕಟ್ಟುವವನು. ಮಣ್ಣಿನ ಚಿತ್ರ ಕೊನೆಗೆ ಬಂದರೆ ಮನೆಗೆ ಒಳ್ಳೆಯದಲ್ಲವೆಂದು ಅದನ್ನು ಮೊದಲಿಗಿಟ್ಟು, ಮೊದಲಿಗಿರಬೇಕಾದ, ತಾಯಿಯ ತೊಡೆಯ ಮೇಲೆ ನಗುವ ಕೂಸನ್ನು ಕೊನೆಗೆ ಕೂಡಿಸಿಬಿಟ್ಟಿದ್ದ. ಬುದ್ಧ ಕೂಸನ್ನು ಬದುಕಿಸಿದನೆಂದೇ ಓಣಿಯವರೆಲ್ಲ ತಿಳಿದಿದ್ದೆವು.

ನಾನು ಸಣ್ಣವಳಿದ್ದಾಗ ನನ್ನ ತಮ್ಮ ತೊಟ್ಟಿಲಲ್ಲೇ ಹೋದ. ಸೂತಕ ಮುಗಿದರೂ ಅವ್ವ ಒಗ್ಗರಣೆ ಹಾಕಲಿಲ್ಲ. ತಿಂಗಳುಗಟ್ಟಲೆ ಸಪ್ಪೆ ಬೇಳೆ ಉಂಡೆವು. ಅವಳು ಅದನ್ನೂ ಉಣ್ಣದೆ ಕಡ್ಡಿಯಾದಳು. ಇವಳೂ ಹೋಗುತ್ತಾಳೆಂದು ನನಗೆ ಹೆದರಿಕೆ. ಒಂದು ಮಧ್ಯಾಹ್ನ ನನ್ನನ್ನು ಎಳೆದುಕೊಂಡು ಹೋಗಿ ಆ ಪಟದ ಮುಂದೆ ನಿಂತಳು.

"ನಿಮ್ಮ ದೇವ್ರು ಕೂಸು ತಿರುಗಿ ಕೊಡ್ತಾನಲ್ರಿ. ನಾ ಏನ್ ಮಾಡಬೇಕು, ಹೇಳ್ರಿ."

ಕಾಕು ಮಶಿನ್ ನಿಲ್ಲಿಸಿದರು. "ಕೊಡಂಗಿಲ್ರಿ ಅಕ್ಕಾರ. ಚಿತ್ರ ಹಿಂದ ಮುಂದ ಆಗ್ಯಾವ. ನನಗ ಮೊದಲಿಂದ ಗೊತ್ತೈತಿ." ಕೈಯಲ್ಲಿದ್ದ ಬಟ್ಟೆ ಮಡಿಸಿಟ್ಟು, "ನಂದೂ ಒಂದು ಕೂಸು ಹೋಗೈತಿ. ಅದಕ್ಕ ಸರಿ ಮಾಡಿಸಿಲ್ಲ" ಎಂದರು.

ಅವ್ವ ಅಲ್ಲೇ ಕುಸಿದು ಕುಳಿತು ಅತ್ತಳು, ತಮ್ಮ ಹೋದ ಮೇಲೆ ಮೊದಲ ಸಲ. ಕಾಕು ಒಳಗಿನಿಂದ ಹಿಡಿ ಸಾಸಿವೆ ತಂದು ಅವಳ ಸೆರಗಿಗೆ ಹಾಕಿದರು.

"ಸಾವು ಕಂಡ ಮನೀದು. ಒಗ್ಗರಣಿ ಹಾಕ್ರಿ, ಹುಡುಗಿ ಉಣ್ಣಲಿ."

ಅಲ್ಲಿಯವರೆಗೆ ಆ ಮನೆಯಿಂದ ನಮ್ಮ ಮನೆಗೆ ಹೊಲಿದ ಕುಬಸ ಬಿಟ್ಟರೆ ಏನೂ ಬಂದಿರಲಿಲ್ಲ. ನಾವು ಅವರ ನೀರು ಕೂಡ ಮುಟ್ಟುತ್ತಿರಲಿಲ್ಲ, ಅಂಥ ಮಂದಿ ನಾವು. ಅಂದು ಸಂಜೆ ಅವ್ವ ಅದೇ ಸಾಸಿವೆ ಸಿಡಿಸಿದಳು. ಅಜ್ಜಿ ಗೊಣಗಿದಳು. ಎಲುಬಿಲ್ಲದ ನಾಲಿಗೆ, ಗೊಣಗಲಿ. ನಾನು ಎರಡು ಸಲ ಬೇಳೆ ಹಾಕಿಸಿಕೊಂಡು ಉಂಡೆ, ಅವ್ವನೂ ಉಂಡಳು.

ಕಾಕುವೂ ಈಗಿಲ್ಲ. ಮೊನ್ನೆ ನನ್ನನ್ನು ಮಾತಾಡಿಸಲು ಬಂದ ಅವರ ಸೊಸೆ ಮೊಬೈಲಿನಲ್ಲಿ ಆ ಪಟ ತೋರಿಸಿದಳು. ಬೈಲಹೊಂಗಲದಲ್ಲಿ ಹೊಸ ಕಟ್ಟು ಹಾಕಿಸಿದ್ದಾಳೆ. "ಈಗ ಸರಿ ಐತ್ರಿ ನೋಡ್ರಿ" ಎಂದಳು. ಸರಿಯೇ ಇತ್ತು. ಕೂಸು ಕೊನೆಗೆ ಮಣ್ಣಿನಲ್ಲಿತ್ತು. ಚೆನ್ನಾಗಿದೆ ಎಂದು ಹೇಳಿ ಫೋನು ತಿರುಗಿ ಕೊಟ್ಟೆ... ಆ ತಪ್ಪು ಪಟವೇ ಬೇಕಿತ್ತು ನನಗೆ.

ಇಷ್ಟರಲ್ಲಿ ಬಾಣಲೆಯ ಸಾಸಿವೆ ಸೀದು ಕರ್ರಗಾಗಿತ್ತು. ಅದನ್ನು ಚೆಲ್ಲಿ ಮತ್ತೆ ಎಣ್ಣೆ ಹಾಕಿದೆ. ಅವ್ವ ಇಲ್ಲ, ಕಾಕು ಇಲ್ಲ. ಮನೆಯವರು ಉಣ್ಣಬೇಕಲ್ಲ.