ತಣ್ಣಿ ಎಂದರೆ ನೀರು

ಅವ್ವನಿಗೆ ಲಕ್ವ ಹೊಡೆದು ಎಂಟು ದಿನಕ್ಕೆ ಆಸ್ಪತ್ರೆಯಿಂದ ಚಿಕ್ಕೋಡಿಯ ನನ್ನ ಮನೆಗೆ ಕರೆತಂದೆ. ಬಲಗೈ, ಬಲಗಾಲು ಸೋತಿದ್ದವು. ಮಾತು ಪೂರಾ ಹೋಗಿದೆ ಎಂದುಕೊಂಡಿದ್ದೆ. ಮಧ್ಯಾಹ್ನ ಆಕೆ ನನ್ನ ಕಡೆ ತಿರುಗಿ ತೊದಲುತ್ತ "ತಣ್ಣಿ" ಎಂದಳು.

ಚಳಿಯಾಗುತ್ತಿದೆ ಎನ್ನುತ್ತಿರಬೇಕು ಅನಿಸಿ ಫ್ಯಾನು ಆರಿಸಿದೆ. ಮತ್ತೆ "ತಣ್ಣಿ" ಎಂದಳು. ಕೌದಿ ಹೊದಿಸಿದೆ. ಎಡಗೈಯಿಂದ ಅದನ್ನು ಕಿತ್ತೆಸೆದಳು. ಇನ್ನೊಂದು ದಪ್ಪ ಕೌದಿ ತಂದು ಹೊದಿಸಿದಾಗ ಅವ್ವ ಅಳತೊಡಗಿದಳು. ಏನು ಮಾಡಬೇಕೆಂದು ತಿಳಿಯದೆ ನಾನೂ ಅತ್ತೆ.

ಅಷ್ಟರಲ್ಲಿ ಏಕಸಂಬಿಯಿಂದ ದೊಡ್ಡವ್ವ ಬಂದಳು. ಅವ್ವನ ಅಕ್ಕ ಆಕೆ, ಈಗಲೂ ಬುಟ್ಟಿ ಹೆಣೆಯುತ್ತಾಳೆ. ಹೊಸ್ತಿಲಲ್ಲೇ ನಿಂತು ಒಂದು ಗಳಿಗೆ ಕೇಳಿಸಿಕೊಂಡು ನನ್ನ ಮೇಲೆ ರೇಗಿದಳು.

"ಏನ್ ಮಾಡಾಕತ್ತೀ ಬೇ? ನೀರ್ ಬೇಡಾಕತ್ತಾಳ ಅಕಿ! ತಣ್ಣಿ ಅಂದ್ರ ನೀರು!"

ಲೋಟವನ್ನು ತುಟಿಗೆ ಹಿಡಿದೆ. ಅವ್ವ ಕಣ್ಣು ಮುಚ್ಚಿ ಕುಡಿದಳು.

ನಮ್ಮದು ಬುಟ್ಟಿ ಹೆಣೆಯುವ ಕೊರವರ ಮನೆತನ. ನಮಗೊಂದು ಬೇರೆ ಮಾತಿದೆ. ದೊಡ್ಡವರು ಅದನ್ನು 'ನಮ್ಮ ಮಾತು' ಎಂದಷ್ಟೇ ಕರೆಯುತ್ತಿದ್ದರು. ಅವ್ವ ಹುಡುಗಿಯಾಗಿದ್ದಾಗ ರಾಯಬಾಗದ ಸಂತೆಯಲ್ಲಿ ಅಕ್ಕನ ಜೊತೆ ಆ ಮಾತಾಡಿದಳಂತೆ. ಪಕ್ಕದಲ್ಲಿ ಕೂತಿದ್ದ ವ್ಯಾಪಾರಿಯೊಬ್ಬ, "ಕಳ್ಳರ ಮಾತು" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ತನ್ನ ಚೀಲಗಳನ್ನು ಹತ್ತಿರ ಎಳೆದುಕೊಂಡನಂತೆ. ಅವತ್ತಿನಿಂದ ಅವ್ವ ಆ ಮಾತನ್ನು ಮುಚ್ಚಿಟ್ಟಳು. ನನ್ನನ್ನು ಕನ್ನಡದಲ್ಲಿ, ಮರಾಠಿಯಲ್ಲಿ ಬೆಳೆಸಿದಳು. ನಾನು ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಸುವ ಅಕ್ಕೋರಾದೆ. ಆ ಮಾತೆಂದರೆ ನನಗೆ ಹಿತ್ತಲಲ್ಲಿ ಅಕ್ಕತಂಗಿಯರು ಆಡುವ ಪಿಸುಮಾತು. ನಾನು ಹತ್ತಿರ ಹೋದರೆ ಅದು ನಿಂತುಬಿಡುತ್ತಿತ್ತು.

"ಎಲ್ಲಾಕಿಂತ ಮೊದ್ಲ ಕಲ್ತಿದ್ದು ಉಳ್ಕೊಂಡಿರಬಹುದ್ರಿ" ಎಂದರು ಮರುದಿನ ನಾನು ಕೇಳಿದಾಗ ಆಸ್ಪತ್ರೆಯ ಡಾಕ್ಟರು. "ಕನ್ನಡ ಸಾವಕಾಶ ಬರತೈತಿ. ಅಲ್ಲೀತನಕ ಅವರ ಮಾತಿನ್ಯಾಗ ಮಾತಾಡಸ್ರಿ."

ಅವರ ಮಾತು ನನಗೆ ಬರುತ್ತಿರಲಿಲ್ಲ. ದೊಡ್ಡವ್ವ ನಾಲ್ಕು ದಿನ ಇದ್ದು ಊರಿಗೆ ಹೊರಟಳು. ಅವಳಿಗೂ ಮನೆಯಿದೆ, ಎಮ್ಮೆಯಿದೆ.

ಶಾಲೆಯಲ್ಲಿ ಒಂದನೇ ತರಗತಿಯವರಿಗೆ ನಾನು ಟ್ಯಾಬಿನಲ್ಲಿ ಪಾಠ ಮಾಡಿಕೊಡುತ್ತಿದ್ದೆ. ಚಿತ್ರ ಮುಟ್ಟಿದರೆ ಅದರ ಹೆಸರು ದನಿಯಲ್ಲಿ ಕೇಳುತ್ತದೆ. ಅದನ್ನೇ ಅವ್ವನಿಗೂ ಮಾಡಿದೆ. ನೀರಿನ ಕೊಡ, ಕೌದಿ, ಕಿಟಕಿ, ರೊಟ್ಟಿ, ಬುಟ್ಟಿ, ಕೊನೆಗೆ ನನ್ನ ಮುಖ ಎಲ್ಲದರ ಫೋಟೋ ತೆಗೆದೆ. ದೊಡ್ಡವ್ವ ಹೊರಡುವ ಮುನ್ನ ಒಂದೊಂದಕ್ಕೂ ಅವಳ ದನಿ ತುಂಬಿಸಿಕೊಂಡೆ.

ಅವ್ವ ಎಡಗೈ ಬೆರಳಿಂದ ಕೊಡವನ್ನು ಮುಟ್ಟಿದಳು. "ತಣ್ಣಿ" ಎಂದಿತು ಅಕ್ಕನ ದನಿ. ಅವ್ವ ಟ್ಯಾಬನ್ನು ವಾಲಿಸಿ ಹಿಂದೆ ಇಣುಕಿ ನೋಡಿದಳು. ಅಲ್ಲಿ ಅಕ್ಕ ಇರಲಿಲ್ಲ. ಮತ್ತೆ ಮುಟ್ಟಿದಳು. ನೆಟ್ಟಗಿದ್ದ ಅರ್ಧ ಬಾಯಲ್ಲೇ ನಕ್ಕಳು.

ಕೆಲವು ವಾರಗಳಲ್ಲಿ ಆಕೆ ಕೇಳಿದ್ದನ್ನು ಕೊಡುವಷ್ಟು ನಾನೂ ಕಲಿತೆ. ಆದರೆ ಬುಟ್ಟಿಯ ಚಿತ್ರವನ್ನು ಮಾತ್ರ ದಿನಕ್ಕೆ ಹತ್ತಾರು ಸಲ ಒತ್ತಿ ನನ್ನ ಮುಖ ನೋಡುತ್ತಿದ್ದಳು. ಬುಟ್ಟಿ ತಂದುಕೊಟ್ಟರೆ ಬೇಡವೆಂದು ತಲೆಯಾಡಿಸುತ್ತಿದ್ದಳು. ದೊಡ್ಡವ್ವನಿಗೆ ಫೋನು ಮಾಡಿದೆ.

"ಕತಿ ಕೇಳಾಕತ್ತಾಳವ್ವ" ಎಂದಳು. "ನಮ್ಮವ್ವ ಹೇಳತಿದ್ಲು, ಹೊಳಿ ಬುಟ್ಟಿ ಬೇಡಿದ್ದು."

ಆ ಕತೆಯನ್ನು ಅವಳ ದನಿಯಲ್ಲೇ ತುಂಬಿಸಿಕೊಳ್ಳಲೆಂದು ಭಾನುವಾರ ಏಕಸಂಬಿಗೆ ಹೋದೆ. ಸದ್ದಿರಬಾರದೆಂದು ದೊಡ್ಡವ್ವನ ಕೈಯ ಕೆಲಸ ಬಿಡಿಸಿ, ಬಾಗಿಲು ಹಾಕಿ, ಎದುರಿಗೆ ಫೋನಿಟ್ಟೆ. ಎರಡು ಸಾಲು ಹೇಳಿ ನಿಂತಳು. ಮತ್ತೆ ಶುರು ಮಾಡಿ ಮತ್ತೆ ನಿಂತಳು.

"ಕೈ ಸುಮ್ನಿದ್ರ ಬಾಯಿ ಹೊಳ್ಳೂದಿಲ್ಲ ನನಗ. ಆ ಬಿದಿರ ಕೊಡ ಇಲ್ಲಿ."

ಬಿದಿರಿನ ಸೀಳುಗಳನ್ನು ಕೊಟ್ಟೆ. ಕೈ ಹೆಣೆಯತೊಡಗಿತು, ಕತೆ ಹರಿಯಿತು. ಸೀಳು ಸಿಡಿಯುವ, ಎಳೆಯುವ, ಕುಟ್ಟಿ ಕೂರಿಸುವ ಸದ್ದೆಲ್ಲ ಅದರಲ್ಲಿ ಸೇರಿತು. ನಾನು ಆ ಸದ್ದನ್ನೆಲ್ಲ ತೆಗೆದು, ಶುದ್ಧ ಮಾಡಿ, ಮುಂದಿನ ವಾರ ಅವಳಿಗೇ ಕೇಳಿಸಿದೆ. ದೊಡ್ಡವ್ವ ಹುಬ್ಬು ಗಂಟಿಕ್ಕಿದಳು.

"ಇದನ್ನ ಯಾರ್ ಹೇಳ್ಯಾರ? ನಂದಲ್ಲ ಇದು. ಬಿದಿರ ಎಲ್ಲಿ ಹೋತು?"

ಮೂಲದ್ದನ್ನು ಹಾಕಿದೆ. ಆಗ ನನಗೆ ತಿಳಿಯಿತು. ಬುಟ್ಟಿಯ ಒಂದು ಸುತ್ತು ಮುಗಿದಾಗಲೆಲ್ಲ ಅವಳು ಸೀಳನ್ನು ಕುಟ್ಟಿ ಕೂರಿಸುತ್ತಿದ್ದಳು, ಕತೆ ಅಲ್ಲಿಯೇ ಉಸಿರು ತೆಗೆದುಕೊಳ್ಳುತ್ತಿತ್ತು. ಕೇಳುವವರು 'ಹೂಂ' ಎನ್ನಬೇಕಾದ ಜಾಗ ಅದು. ಇಪ್ಪತ್ತು ವರ್ಷ ಮಕ್ಕಳಿಗೆ ಕತೆ ಹೇಳಿದ ನಾನು ಬೆರಗಾಗಿ ಕೂತೆ. ಹೆಣೆಯುವ ಕೈಗಳ ಫೋಟೋಗಳನ್ನು ಆ ಸದ್ದಿಗೆ ಹೊಂದಿಸಿ ಇಡೀ ಕತೆಯನ್ನು ಟ್ಯಾಬಿಗೆ ಸೇರಿಸಿದೆ.

ಅವ್ವನಿಗೆ ತೋರಿಸುವ ದಿನ ದೊಡ್ಡವ್ವನೂ ಬಂದಳು. ಕತೆ ಇಷ್ಟೇ: ಹೊಳೆ ಬುಟ್ಟಿ ಹೆಣೆಯುವವಳ ಹತ್ತಿರ ಬಂದು, ಹರಿದು ಹರಿದು ದಣಿದಿದ್ದೇನೆ, ಮಲಗಲು ಒಂದು ಬುಟ್ಟಿ ಹೆಣೆದು ಕೊಡು ಎನ್ನುತ್ತದೆ. ಆಕೆ ಹನ್ನೆರಡು ವರ್ಷ ಹೆಣೆಯುತ್ತಾಳೆ. ಕೊನೆಗೆ ಒಂದು ಸೀಳು ಸಾಲದೆ ಹೋಗುತ್ತದೆ. ತನ್ನ ಕೂದಲು ಕತ್ತರಿಸಿ ಆ ಜಾಗ ಮುಚ್ಚುತ್ತಾಳೆ, ಹೊಳೆ ಮಲಗುತ್ತದೆ.

ಒಂದೊಂದು ಸುತ್ತಿಗೂ ಅವ್ವ ತಪ್ಪದೆ 'ಹೂಂ' ಎಂದಳು. ಕೂದಲಿನ ಮಾತು ಬಂದೊಡನೆ ಟ್ಯಾಬಿನ ಮೇಲೆ ಅಂಗೈಯಿಟ್ಟು ನಿಲ್ಲಿಸಿಬಿಟ್ಟಳು. ತಲೆಯಾಡಿಸಿ, ನಮ್ಮ ಮಾತಿನಲ್ಲಿ, ನಿಧಾನವಾಗಿ, ಬಿಟ್ಟು ಬಿಟ್ಟು ತಾನೇ ಹೇಳತೊಡಗಿದಳು. ಕಾಯಿಲೆ ಬಿದ್ದ ಮೇಲೆ ಆಕೆ ಮೂರು ಶಬ್ದ ಕೂಡಿಸಿ ಆಡಿರಲಿಲ್ಲ. ಈಗ ಇಡೀ ಕತೆಯ ಕೊನೆ ಬರುತ್ತಿತ್ತು. ನಾಲ್ಕರಲ್ಲಿ ಮೂರು ಶಬ್ದ ನನಗೆ ತಿಳಿಯುತ್ತಿದ್ದವು! ಬುಟ್ಟಿ ಹೆಣೆಯುವವಳು ಕೂದಲನ್ನು ಕತ್ತರಿಸಲೇ ಇಲ್ಲ, ಸಂದನ್ನು ಬೇಕೆಂದೇ ಬಿಟ್ಟಳು. ಹೊಳೆ ಮಲಗಿಬಿಟ್ಟರೆ ಊರಿಗೆ ನೀರೆಲ್ಲಿ? ಆ ಸಂದಿನಿಂದಲೇ ಹೊಳೆ ಇವತ್ತಿಗೂ ಹರಿಯುತ್ತಿದೆ.

"ಹಂಗಲ್ಲ ಬಿಡ, ಮರ್ತೀ ನೀ" ಎಂದು ದೊಡ್ಡವ್ವ ನನಗೂ ತಿಳಿಯಲೆಂದು ಕನ್ನಡದಲ್ಲೇ ಅಂದಳು. ಅವ್ವ ಬಿಡಲಿಲ್ಲ. ಆಮೇಲೆ ಇಬ್ಬರೂ ನಮ್ಮ ಮಾತಿನಲ್ಲೇ ಜಗಳಕ್ಕೆ ನಿಂತರು. ಬೀದಿ ಬಾಗಿಲು ತೆರೆದಿತ್ತು. ಎದುರು ಮನೆಯಾಕೆ ಕಾಳು ಹಸನು ಮಾಡುವುದನ್ನು ಬಿಟ್ಟು ಇತ್ತಲೇ ನೋಡುತ್ತಿದ್ದಳು. ಅವ್ವ ಅದನ್ನು ಕಂಡಳು. ಕಂಡೂ ದನಿ ತಗ್ಗಿಸಲಿಲ್ಲ.

ಎರಡೂ ಕೊನೆಗಳನ್ನು ಸೇರಿಸಿ ಕತೆಯನ್ನು ನಮ್ಮವರ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಮೂರು ದಿನಕ್ಕೆ ಕೃಷ್ಣೆಯ ದಂಡೆಯ ಜುಗೂಳದಿಂದ, ಅವ್ವನ ಸೋದರತ್ತೆಯ ಮಗಳು ಮೂರನೆಯ ಕೊನೆ ಹೇಳಿ ಕಳಿಸಿದಳು. ಹೊಳೆ ಬುಟ್ಟಿಯಲ್ಲಿ ಮಲಗುವುದೇನೋ ನಿಜ, ಮಳೆಗಾಲದಲ್ಲಿ ಎಚ್ಚರಾಗಿ ಒದೆಯುತ್ತದಂತೆ. ಪ್ರವಾಹದಲ್ಲಿ ಎರಡು ಸಲ ಮನೆ ಬಿಟ್ಟು ಹೋದವಳು ಬೇರೆ ಹೇಗೆ ಹೇಳಿಯಾಳು!

ಕಳೆದ ತಿಂಗಳು ಅವ್ವನನ್ನು ಗಾಡಿಯಲ್ಲಿ ಕೂರಿಸಿಕೊಂಡು ಜುಗೂಳಕ್ಕೆ ಹೋಗಿದ್ದೆ. ಅಷ್ಟರಲ್ಲಿ ಆಕೆಗೆ ಅಲ್ಪಸ್ವಲ್ಪ ಕನ್ನಡವೂ ಮರಳಿತ್ತು, ನನ್ನೊಡನೆ ಮಾತ್ರ ಅದನ್ನು ಬಳಸುವುದಿಲ್ಲ. ಕಟ್ಟೆಯ ಮೇಲೆ ಆರೇಳು ಹೆಂಗಸರು ಕೂಡಿದರು. ಅವರ ದನಿ ತುಂಬಿಸಿಕೊಳ್ಳಲೆಂದು ಫೋನು ತೆಗೆಯುವಷ್ಟರಲ್ಲಿ ಒಬ್ಬಾಕೆ ನಮ್ಮ ಮಾತಿನಲ್ಲಿ ನನ್ನನ್ನೇ ಏನೋ ಕೇಳಿದಳು. ಊಟವಾಯಿತೇ ಎಂದು. ಫೋನನ್ನು ಕೆಳಗಿಟ್ಟೆ. ಅವ್ವ ನನ್ನ ಬಾಯನ್ನೇ ನೋಡುತ್ತಿದ್ದಳು. ನಾಲಿಗೆ ತಡವರಿಸಿತು, ಆದರೂ ಉತ್ತರ ಹೇಳಿದೆ. ಅವರೆಲ್ಲ ನಕ್ಕು, ನನ್ನ ಕೈ ಹಿಡಿದೆಳೆದು ನಡುವೆ ಕೂರಿಸಿಕೊಂಡರು.