ಬತ್ತೀನಿಯಲ್ಲಿ ಇಲ್ಲದ ರಕಾರ

ನನ್ನದು ಧ್ವನಿಮಾ ವಿಜ್ಞಾನ. ಜನ ಏನು ಮಾತಾಡುತ್ತಾರೆ ಅನ್ನುವುದನ್ನು ಬಿಟ್ಟು, ಮಾತಾಡುವಾಗ ಯಾವ ಅಕ್ಷರ ನುಂಗುತ್ತಾರೆ, ಯಾವುದನ್ನು ಒತ್ತುತ್ತಾರೆ ಅಂತ ಕಿವಿಗೊಟ್ಟು ಕೂರುವ ಕೆಲಸ. ತರೀಕೆರೆಯ ಮನೆಯಲ್ಲಿ ಇದನ್ನು ಅಮ್ಮನಿಗೆ ಬಿಡಿಸಿ ಹೇಳಿದಾಗ ಅವಳು, "ಅಲ್ಲ ಕಣೇ, ಜನ ಮಾತಾಡೋದ್ನ ಕೇಳ್ಸ್ಕೊಳ್ಳೋಕೂ ಪಿಎಚ್‌ಡಿ ಕೊಡ್ತಾರಾ? ಹಂಗಾದ್ರೆ ನಮ್ಮ ಬೀದೀಲಿ ಎಷ್ಟೋ ಜನಕ್ಕೆ ಬಂದಿರ್ಬೇಕಿತ್ತು" ಅಂದಿದ್ದಳು.

ಪ್ರಬಂಧಕ್ಕೆ ನಾನು ಹಿಡಿದದ್ದು ಒಂದೇ ಒಂದು ರಕಾರ. ಪುಸ್ತಕದ 'ಬರುತ್ತೇನೆ' ನಮ್ಮ ಕಡೆ 'ಬತ್ತೀನಿ' ಆಗುತ್ತದೆ, ನಡುವಿನ ರಕಾರ ಮಾಯ. ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಓದದವರಷ್ಟೇ ಅಲ್ಲ, ಓದಿದವರೂ ಹೀಗೇ ಅನ್ನುತ್ತಾರೆ ಎಂಬುದು ನನ್ನ ವಾದ. ಓದಿದವರ ಅಧ್ಯಾಯವೇ ಪ್ರಬಂಧದ ಜೀವ.

ವಾದವೇನೋ ಸರಿ, ಸಾಕ್ಷಿ ಬೇಕಲ್ಲ. ರೆಕಾರ್ಡರ್ ಕಂಡರೆ ಸಾಕು, ನಮ್ಮ ಜನ ರೇಡಿಯೋದಲ್ಲಿ ವಾರ್ತೆ ಓದುವವರಾಗಿಬಿಡುತ್ತಿದ್ದರು. ಸಖರಾಯಪಟ್ಟಣದಲ್ಲಿ ಕಾಯಿ ಕೀಳುವವರನ್ನು "ಲೇ" ಅಂತ ಗದರಿಸುತ್ತಿದ್ದ ತೋಟದ ಯಜಮಾನರು, ನಾನು ಗುಂಡಿ ಒತ್ತಿದ್ದೇ ತಡ, "ನಾನು ಪ್ರತಿದಿನವೂ ತೋಟಕ್ಕೆ ಹೋಗಿ ಬರುತ್ತೇನೆ" ಅಂದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ನಕ್ಕು ಸುಮ್ಮನಾಗಲು ಬಹಳ ಕಷ್ಟಪಟ್ಟೆ.

ಪಂಚನಹಳ್ಳಿಯ ನಿವೃತ್ತ ಟೀಚರಮ್ಮ ಇನ್ನೂ ಒಂದು ಕೈ ಮೇಲು. ಮಧ್ಯಾಹ್ನವೆಲ್ಲ ಪಾಠ ಒಪ್ಪಿಸಿದ ಹಾಗೆ ಮಾತಾಡಿದರು. ಒಂದು ರಕಾರವನ್ನೂ ಬಿಡಲಿಲ್ಲ. ಸೋತು ಸುಣ್ಣವಾಗಿ ಎದ್ದೆ. ಬೇಜಾರಿನಲ್ಲಿ "ನಾನಿನ್ನು ಹೋಗ್ತೀನಿ" ಅಂದೆ.

ಟೀಚರಮ್ಮನ ಮುಖ ಗಂಟಾಯಿತು. "ಥೂ, ಹೋಗ್ತೀನಿ ಅಂತಾರಾ ಯಾರಾದ್ರೂ? ಬತ್ತೀನಿ ಅನ್ಬೇಕು ಕಣೇ. ನಿಮ್ಮಮ್ಮ ಹೇಳ್ಕೊಟ್ಟಿಲ್ವಾ?"

ನಾನು ಅಲ್ಲೇ ನಿಂತುಬಿಟ್ಟೆ. ಎದ್ದು ಹೊರಡುವವರೆಗೂ ಮಷೀನು ಓಡುತ್ತಿರುತ್ತದೆ ಅಂತ ಮೊದಲೇ ಹೇಳಿ ಒಪ್ಪಿಗೆ ಪಡೆದಿದ್ದೆ. ಆದರೆ ಮನೆಗೆ ಬಂದವಳು ಅಪಶಕುನದ ಮಾತಾಡಿ ಹೊಸಿಲು ದಾಟುತ್ತಿರುವಾಗ ಮಷೀನಿನ ನೆನಪು ಯಾರಿಗಿರುತ್ತದೆ?

ಆಮೇಲೆ ನನಗೆ ದಾರಿ ಸಿಕ್ಕಿತು. ಕಾಲೇಜು ಮೇಷ್ಟ್ರ ಮನೆಯಿರಲಿ, ವಕೀಲರ ಮನೆಯಿರಲಿ, ಎಲ್ಲ ಮುಗಿಸಿ ಎದ್ದು "ಹೋಗ್ತೀನಿ" ಅನ್ನುತ್ತಿದ್ದೆ. ಯಾರೂ ಸುಮ್ಮನೆ ಬಿಡಲಿಲ್ಲ. ಊರೂರಲ್ಲಿ ಬೈಸಿಕೊಂಡು ಆ ಅಧ್ಯಾಯ ಬರೆದೆ.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಅದೇ ಅಧ್ಯಾಯ ತೆರೆದಿಟ್ಟುಕೊಂಡು ಕೂತಿದ್ದರು. ದೂರದ ವಿಶ್ವವಿದ್ಯಾಲಯದ ಹಿರಿಯ ಪ್ರಾಧ್ಯಾಪಕರು. ಇಸ್ತ್ರಿ ಹಾಕಿದಂಥ ಕನ್ನಡ.

"ಓದಿದವರು ರಕಾರ ಬಿಡುವುದಿಲ್ಲಮ್ಮ. ಹೊರಡುವ ಗಡಿಬಿಡಿಯಲ್ಲಿ ಇವರೆಲ್ಲ ಬಾಯಿತಪ್ಪಿ ಅಂದಿದ್ದಾರೆ. ಇದನ್ನು ಕೈಬಿಟ್ಟು ಪ್ರಬಂಧವನ್ನು ಮತ್ತೆ ಬರೆಯಬೇಕಾಗುತ್ತದೆ."

ಕಾಲೇಜಿನ ಕೆಲಸವೊಂದು ನನಗಾಗಿ ಕಾದಿತ್ತು. ಆದರೆ ಈ ವರ್ಷ ಪದವಿ ಸಿಕ್ಕರೆ ಮಾತ್ರ. ಮತ್ತೆ ಬರೆಯುವುದೆಂದರೆ ಅದು ಕೈತಪ್ಪಿದ ಹಾಗೇ. ಏನೇನೋ ವಾದಿಸಿದೆ, ಅವರು ಜಗ್ಗಲಿಲ್ಲ. ಕೊನೆಗೆ ಪಕ್ಕದಲ್ಲಿದ್ದ ನನ್ನ ಮಾರ್ಗದರ್ಶಕರು, ತೀರ್ಮಾನ ಮಾಡುವವರೆಗೆ ಸ್ವಲ್ಪ ಹೊರಗಿರು ಅಂದರು.

ಎದ್ದೆ. ಬೇಕೆಂದೇ ಅಂದಳು ಅಂತ ಈಗಲೂ ಕೆಲವರು ಹೇಳುತ್ತಾರೆ. ದೇವರಾಣೆಗೂ ಇಲ್ಲ. ಅಷ್ಟು ಮನೆಗಳಲ್ಲಿ ಅಂದು ಅಂದು ನಾಲಿಗೆಗೆ ರೂಢಿಯಾಗಿತ್ತು, ಅಷ್ಟೆ.

"ಹೋಗ್ತೀನಿ ಸಾರ್."

ಪರೀಕ್ಷಕರು ಕಾಗದದಿಂದ ತಲೆ ಎತ್ತಲಿಲ್ಲ. "ಹೋಗ್ತೀನಿ ಅನ್ಬಾರ್ದು ಕಣಮ್ಮ. ಬತ್ತೀನಿ ಅನ್ಬೇಕು."

ನನ್ನ ಮಾರ್ಗದರ್ಶಕರು ಕೆಮ್ಮಿದರು. ಆಮೇಲೆ ತೀರಾ ವಿನಯದಿಂದ, "ಇದೂ ಬಾಯಿತಪ್ಪಾ ಸಾರ್?" ಅಂದರು.

ಪರೀಕ್ಷಕರು ಕನ್ನಡಕ ತೆಗೆದರು. ತಾವು ಅಂದದ್ದನ್ನು ಮನಸ್ಸಿನಲ್ಲೇ ಇನ್ನೊಂದು ಸಲ ಕೇಳಿಸಿಕೊಂಡಿರಬೇಕು, ಮುಖ ಮೆಲ್ಲಗೆ ಸಡಿಲವಾಯಿತು.

"ನಮ್ದು ಅಜ್ಜಂಪುರದ ಹತ್ರ ಶಿವನಿ ಕಣ್ರೀ," ಅಂದರು. "ಊರು ಬಿಟ್ಟು ಎಷ್ಟೋ ಕಾಲ ಆಯ್ತು. ನಮ್ಮವ್ವ ಇದ್ದಿದ್ರೆ ಈ ಹುಡುಗಿಗೆ ಇದನ್ನೇ ಹೇಳ್ತಿದ್ಲು." ಅಧ್ಯಾಯ ಹಾಗೇ ಇರಲಿ ಅಂತ ಸಹಿ ಹಾಕಿದರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಎದೆಯ ಮೇಲಿಂದ ಅಕ್ಕಿ ಮೂಟೆ ಇಳಿಸಿದ ಹಾಗಿತ್ತು. ಅಮ್ಮನಿಗೆ ಫೋನು ಮಾಡಿ "ಆಯ್ತಮ್ಮ" ಅಂದವಳೇ ಅತ್ತುಬಿಟ್ಟೆ.

"ಆಯ್ತಲ್ಲ, ಮತ್ಯಾಕೆ ಅಳ್ತೀಯ?" ಅಂದಳು ಅಮ್ಮ. "ಊರಿಗೆ ಯಾವಾಗ ಬತ್ತೀಯ?"

ಈಗಲೇ ಬರುವುದಾಗಿ ಹೇಳಿದೆ. ಹೇಗೆ ಅಂದೆನೋ, ಯಾವ ಅಕ್ಷರ ನುಂಗಿದೆನೋ, ಆ ಒಂದು ದಿನ ನಾನು ಕೇಳಿಸಿಕೊಳ್ಳಲಿಲ್ಲ.